ಕತ್ತರಿಸಿದಷ್ಟೂ ಕಳೆ ಜಾಸ್ತಿ ಆಗ್ತಿದೆ, ಲಾನ್ ಉಳಿಸೋದು ಹೇಗೆ?

ಪ್ರಶ್ನೆ (ಕೋಲಾರದಿಂದ):
ಮನೆ ಮುಂದೆ ಗರಿಕೆ ಲಾನ್ ಇದೆ. ಕೆಂಪು ಮಣ್ಣು, ಬೋರ್‌ವೆಲ್ ನೀರು. ಮಳೆ ಶುರುವಾದ ಮೇಲೆ ವಾರ ವಾರ ಮಿಷನ್ ಓಡಿಸುತ್ತಿದ್ದೇವೆ, ನೆಲಕ್ಕೆ ತಾಗುವ ಹಾಗೆ. ಆದರೂ ಕಾಂಗ್ರೆಸ್ ಗಿಡ ಕತ್ತರಿಸಿದ ಬುಡದಲ್ಲೇ ಚಿಗುರಿ, ಗಿಡ್ಡಗೇ ಹೂ ಬಿಡುತ್ತಿದೆ. ತುಂಗೆ ಹುಲ್ಲು ಎರಡೇ ದಿನಕ್ಕೆ ಎದ್ದು ನಿಲ್ಲುತ್ತದೆ. ಗೇಟಿನ ಹತ್ತಿರ ಬರೀ ಕಾಡು ರಾಗಿ. ಮಕ್ಕಳು ಅಲ್ಲೇ ಆಡುತ್ತಾರೆ, ಔಷಧಿ ಹೊಡೆಯಲು ಮನಸ್ಸಿಲ್ಲ. ಇನ್ನೂ ಜಾಸ್ತಿ ಸಲ ಕತ್ತರಿಸಬೇಕಾ?

ಉತ್ತರ (ಮಾಲೂರು, ನರ್ಸರಿ):
ಬೇಡ ಸರ್. ಮೊದಲು ಬ್ಲೇಡ್ ಎತ್ತರಿಸಿ. ಗರಿಕೆಯನ್ನು ಎರಡು ಇಂಚಿನಷ್ಟು ಬಿಡಿ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಬೋಳು ಮಾಡಿದರೆ ಗರಿಕೆಯ ಬೇರು ಸೊರಗುತ್ತದೆ, ನಡುನಡುವೆ ನೆಲ ಕಾಣುತ್ತದೆ. ಆ ಜಾಗಕ್ಕೆ ಬಿಸಿಲು ಬಿದ್ದರೆ ಸಾಕು, ಮಣ್ಣಲ್ಲಿ ಕಾದು ಕೂತ ಬೀಜ ಮೊಳೆಯುತ್ತದೆ. ನೇರ ಬೆಳೆಯುವ ಕಳೆ ಮಿಷನ್‌ಗೆ ಸಿಗುತ್ತದೆ. ನೆಲಕ್ಕೆ ಅಂಟಿಕೊಂಡ ಅಚ್ಚೆ ಗಿಡ, ಹುಳಿಸೊಪ್ಪು ಸಿಗಲ್ಲ. ಹಾಗಾಗಿ ನೀವು ಕತ್ತರಿಸಿದಷ್ಟೂ ಅವಕ್ಕೇ ಜಾಗ.

ಕಾಂಗ್ರೆಸ್ ಗಿಡ ಎಳೆಯದಾಗಿದ್ದಾಗ ಎಲೆಗಳನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ, ಬ್ಲೇಡ್ ಮೇಲೆಯೇ ಹೋಗಿಬಿಡುತ್ತದೆ. ಕಾಂಡ ಕತ್ತರಿಸಿದರೆ ಬುಡದಿಂದ ಪಕ್ಕದ ಚಿಗುರು ಬರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅದಕ್ಕೇ ಹೂ ಬರುವ ಮೊದಲೇ ಮಳೆ ಬಿದ್ದ ಮಾರನೇ ದಿನ ಬೇರುಸಮೇತ ಕೀಳಿ. ಕೈಗವಸು ಹಾಕಿಕೊಳ್ಳಿ, ಕೆಲವರಿಗೆ ಮೈ ತುರಿಕೆ ಬರುತ್ತದೆ. ಮಕ್ಕಳಿರುವ ಅಂಗಳದಲ್ಲಿ ಇದನ್ನು ಮಾತ್ರ ದಯವಿಟ್ಟು ಮುಂದೂಡಬೇಡಿ.

ತುಂಗೆ ಬೇರೆ ಕಥೆ. ಅದರ ಜೀವ ಗಡ್ಡೆಯಲ್ಲಿದೆ. ಒಂದೊಂದು ಗಡ್ಡೆಗೂ ತೆಳು ಬೇರಿನ ಕೊಂಡಿ, ಮಣಿಸರದ ಹಾಗೆ. ಮೇಲಿಂದ ಎಳೆದರೆ ಎಲೆ ಕಿತ್ತು ಬರುತ್ತದೆ, ಗಡ್ಡೆ ಉಳಿದು ಮತ್ತೆ ಮೊಳೆಯುತ್ತದೆ. ಕುರ್ಪಿಯಿಂದ ಅಗೆದು ಗಡ್ಡೆ ಸಮೇತ ತೆಗೆದು ಬಿಸಿಲಿಗೆ ಹಾಕಿ. ಚೆನ್ನಾಗಿ ಒಣಗಿದರೆ ಸಾಯುತ್ತದೆ. ತುಂಗೆಗೆ ನೆರಳು ಆಗಲ್ಲ, ಗರಿಕೆ ದಟ್ಟವಾದರೆ ಅದೂ ಸೊರಗುತ್ತದೆ.

ಉತ್ತರ (ಚಿಂತಾಮಣಿ):
ಕಾಡು ರಾಗಿ ಇರುವ ಕಡೆ ನೆಲ ಗಟ್ಟಿಯಾಗಿದೆ ಅಂತಲೇ ಅರ್ಥ. ಗೇಟಿನ ಹತ್ತಿರ ಬೈಕು, ಕಾಲು ಓಡಾಟ ಜಾಸ್ತಿ ಅಲ್ವಾ? ತುಳಿದು ಗಟ್ಟಿಯಾದ ನೆಲದಲ್ಲಿ ಗರಿಕೆ ಬಡಕಲಾಗುತ್ತದೆ, ಇದು ಮಾತ್ರ ಆರಾಮಾಗಿರುತ್ತದೆ. ಅದರ ಬುಡ ನೆಲಕ್ಕೆ ಅಂಟಿದ ಹಾಗೇ ಇರುವುದರಿಂದ ಮಿಷನ್‌ನಿಂದ ಏನೂ ಆಗಲ್ಲ. ತೆನೆ ಬರುವ ಮೊದಲು ಕಿತ್ತು, ಹಾರೆಯಿಂದ ಆಳವಾಗಿ ತೂತು ಮಾಡಿ, ಮರಳು, ಗೊಬ್ಬರ ತುಂಬಿ. ದಿನಾ ತುಳಿಯುವ ದಾರಿಗೆ ಕಲ್ಲು ಚಪ್ಪಡಿ ಹಾಸಿಬಿಡಿ. ಅಲ್ಲಿ ಹುಲ್ಲು ಬೆಳೆಸುವ ಹಟ ಬೇಡ.

ಇನ್ನೊಂದು ಮಾತು, ಬಾಡಿಗೆ ಮಿಷನ್ ಆದರೆ ಅಂಗಳಕ್ಕೆ ತರುವ ಮೊದಲು ಬ್ಲೇಡ್, ಚಕ್ರ ಒರೆಸಲು ಹೇಳಿ. ಬೇರೆ ಮನೆಯ ಬೀಜವೂ ಅದರಲ್ಲೇ ಬರುತ್ತದೆ.

ಪ್ರಶ್ನೆ ಕೇಳಿದವರು:
ಬ್ಲೇಡ್ ಎತ್ತರಿಸುತ್ತೇನೆ. ಬೇಸಿಗೆಯಲ್ಲಿ ದಿನಾ ಸಂಜೆ ಸ್ವಲ್ಪ ನೀರು ಹಾಯಿಸುತ್ತೇವೆ, ಅದು ಸರೀನಾ?

ಮಾಲೂರು:
ಸರಿಯಲ್ಲ ಸರ್. ಮೇಲ್ಮಣ್ಣು ಸದಾ ಒದ್ದೆ ಇದ್ದರೆ ಕಳೆ ಬೀಜಕ್ಕೆ ಅನುಕೂಲ. ಗರಿಕೆ ಬರ ತಡೆದುಕೊಳ್ಳುತ್ತದೆ. ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು ಕೊಡಿ, ಮತ್ತೆ ಮಣ್ಣು ಒಣಗಲು ಬಿಡಿ.