ಸಹಾಯ ಬೇಕು: ಐಐಎಸ್‌ಸಿ ಓಪನ್ ಡೇಗೆ ಹೋಗಿ ಬಂದವರು ಸ್ವಲ್ಪ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಮಗಳು ಪ್ರಥಮ ಪಿಯುಸಿ, ಪಿಸಿಎಂಬಿ. ಈ ಸಲ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮಪ್ಪನ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್) ಓಪನ್ ಡೇಗೆ, ಅಂದ್ರೆ ಜನರಿಗೆಲ್ಲ ಒಳಗೆ ಬಂದು ಲ್ಯಾಬ್ ನೋಡೋಕೆ ಬಿಡೋ ದಿನಕ್ಕೆ, ಕರ್ಕೊಂಡು ಹೋಗೋಣ ಅಂತಿದೀನಿ. ಯಶವಂತಪುರದಲ್ಲಿ ರೈಲು ಇಳಿದರೆ ಹತ್ತಿರವೇ, ಆ ಚಿಂತೆ ಇಲ್ಲ. ಚಿಂತೆ ಇರೋದು ಒಳಗೆ ಹೋದ ಮೇಲೆ. ಸುಮಾರು 400 ಎಕರೆ ಕ್ಯಾಂಪಸ್, ಅಷ್ಟೊಂದು ವಿಭಾಗ, ಜಾತ್ರೆಯಷ್ಟು ಜನ, ಇರೋದು ಒಂದೇ ದಿನ.

ಅವಳಿಗೆ ಏರೋಸ್ಪೇಸ್‌ನವರ ವಿಂಡ್ ಟನಲ್ (ವಿಮಾನದ ಮಾದರಿ ಮೇಲೆ ಜೋರಾಗಿ ಗಾಳಿ ಹಾಯಿಸಿ ಪರೀಕ್ಷೆ ಮಾಡೋ ಸುರಂಗ) ನೋಡಲೇಬೇಕಂತೆ, ಜೀವವಿಜ್ಞಾನದ ಲ್ಯಾಬ್‌ಗಳೂ ಬೇಕಂತೆ. ಯಾವ ಕಡೆಯಿಂದ ಶುರು ಮಾಡಿದ್ರೆ ಬರೀ ಕ್ಯೂನಲ್ಲೇ ದಿನ ಕಳೆಯಲ್ಲ?

ನನಗೆ ಪ್ರಯೋಗ ನೋಡೋದಕ್ಕಿಂತ ಮುಖ್ಯ, ನಾಲ್ಕು ವರ್ಷದ ಬಿಎಸ್‌ಸಿ ರಿಸರ್ಚ್ ಓದ್ತಿರೋ ಮಕ್ಕಳ ಜೊತೆ ಅವಳು ಹತ್ತು ನಿಮಿಷ ಮಾತಾಡೋದು. ಮ್ಯಾಥ್ಸ್ ಅಂಡ್ ಕಂಪ್ಯೂಟಿಂಗ್ ಬಿಟೆಕ್‌ಗೆ ಜೆಇಇ ಅಡ್ವಾನ್ಸ್ಡ್ ಬೇಕು ಅನ್ನೋದೆಲ್ಲ ವೆಬ್‌ಸೈಟಲ್ಲೇ ಸಿಗುತ್ತೆ. ಮೊದಲ ವರ್ಷ ಎಷ್ಟು ಕಷ್ಟ, ಹಾಸ್ಟೆಲ್ ಹೇಗೆ, ಸಣ್ಣ ಊರಿಂದ ಬಂದವರು ಹೇಗೆ ಹೊಂದ್ಕೊಂಡ್ರು, ಇದು ಅಲ್ಲಿರೋರ ಬಾಯಲ್ಲೇ ಕೇಳಬೇಕು. ಆ ದಿನ ಅವರು ಎಲ್ಲಿ ಸಿಗ್ತಾರೆ? ಮಗಳು ಪ್ರಶ್ನೆಗಳನ್ನ ಚೀಟಿಯಲ್ಲಿ ಬರ್ಕೊಂಡಿದಾಳೆ, ಆದ್ರೆ ಬಾಯಿ ಬಿಡೋಕೆ ಸಂಕೋಚ. ನಾನು ಕೇಳಿದ್ರೆ ಮುಖ ಊದಿಸ್ಕೊಳ್ತಾಳೆ!

ಇನ್ನೊಂದು, ಊಟಕ್ಕೆ ಒಳಗೆ ವ್ಯವಸ್ಥೆ ಸಾಕಾಗುತ್ತಾ, ಇಲ್ಲ ಚಿತ್ರಾನ್ನ ಕಟ್ಕೊಂಡು ಬರೋದೇ ವಾಸಿನಾ?