ಹೊಸ ಮ್ಯಾನೇಜರ್ ಬಂದ ಮಾತ್ರಕ್ಕೆ ಸೋಲುತ್ತಿರುವ ಫುಟ್‌ಬಾಲ್ ತಂಡ ಬೇಗ ಚೇತರಿಸಿಕೊಳ್ಳುತ್ತದೆಯೇ?

ಕೆಂಪಂಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯಗಳನ್ನು ನಿದ್ದೆಗೆಟ್ಟು ನೋಡುತ್ತಾ ಬಂದಿರುವವರಲ್ಲಿ ನಾನೂ ಒಬ್ಬ. 2024ರ ಅಕ್ಟೋಬರ್ ಕೊನೆಯಲ್ಲಿ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ತೆಗೆದಾಗ ತಂಡ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಟ್ಟಿಯಲ್ಲಿ 14ನೆಯ ಸ್ಥಾನದಲ್ಲಿತ್ತು. ಅವರ ಜಾಗಕ್ಕೆ ಬಂದ ರೂಬೆನ್ ಅಮೊರಿಮ್ ಪೋರ್ಚುಗಲ್‌ನ ಸ್ಪೋರ್ಟಿಂಗ್ ತಂಡಕ್ಕೆ 19 ವರ್ಷಗಳ ನಂತರ ಲೀಗ್ ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ನವೆಂಬರ್ 24ರಂದು ಇಪ್ಸ್‌ವಿಚ್ ವಿರುದ್ಧ ಅವರ ಮೊದಲ ಪಂದ್ಯದ ಎರಡನೆಯ ನಿಮಿಷದಲ್ಲಿಯೇ ರಾಶ್‌ಫರ್ಡ್ ಗೋಲು ಹೊಡೆದಾಗ, ಕಷ್ಟದ ದಿನಗಳು ಮುಗಿದವು ಎಂದು ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದ್ದೆ. ಆ ಪಂದ್ಯ 1-1ರಲ್ಲಿ ಮುಗಿಯಿತು. ಋತುವಿನ ಕೊನೆಗೆ ತಂಡ ಇದ್ದದ್ದು 42 ಅಂಕಗಳೊಂದಿಗೆ 15ನೆಯ ಸ್ಥಾನದಲ್ಲಿ. ಅಮೊರಿಮ್ ನಡೆಸಿದ 27 ಲೀಗ್ ಪಂದ್ಯಗಳಿಂದ ಬಂದದ್ದು ಸರಿಯಾಗಿ 27 ಅಂಕ.

ಇನ್ನೊಂದು ಕಡೆ, 2021ರ ಜನವರಿಯಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ಕಳುಹಿಸಿ ಥಾಮಸ್ ಟುಹೆಲ್ ಅವರನ್ನು ಕರೆತಂದ ಚೆಲ್ಸಿ, ನಾಲ್ಕೇ ತಿಂಗಳಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಇಬ್ಬರೂ ಋತುವಿನ ನಡುವೆ ಬಂದವರು, ಇಬ್ಬರೂ ಹಿಂಭಾಗದಲ್ಲಿ ಮೂವರು ಡಿಫೆಂಡರ್‌ಗಳನ್ನು ಇಟ್ಟು ಆಡಿಸಿದವರು. ಹಾಗಿದ್ದೂ ಫಲಿತಾಂಶದಲ್ಲಿ ಇಷ್ಟು ಅಂತರವೇಕೆ? ಇದು ಮ್ಯಾನೇಜರ್‌ನ ಸಾಮರ್ಥ್ಯಕ್ಕೆ ಸಂಬಂಧಿಸಿದ್ದೇ, ಅದೃಷ್ಟವೇ, ಅಥವಾ ಅವರು ಬರುವ ಮೊದಲೇ ತಂಡದೊಳಗೆ ನಿಶ್ಚಯವಾಗಿಬಿಟ್ಟಿದ್ದ ಸಂಗತಿಯೇ? ಬಲ್ಲವರು ವಿವರಿಸಬೇಕೆಂದು ವಿನಂತಿ.

ಅಂಕಿಲೆಕ್ಕ

ಕೆಂಪಂಗಿಯವರೇ, ಮ್ಯಾನೇಜರ್‌ನನ್ನು ಯಾವ ಗಳಿಗೆಯಲ್ಲಿ ತೆಗೆಯುತ್ತಾರೆ ಎಂಬುದನ್ನು ಮೊದಲು ಗಮನಿಸಬೇಕು. ಚೆಂಡು ಗೋಲುಕಂಬಕ್ಕೆ ಬಡಿದು ಹೊರಹೋದ, ಮುಖ್ಯ ಡಿಫೆಂಡರ್ ಗಾಯಗೊಂಡು ಕುಳಿತ, ಬಲಿಷ್ಠ ತಂಡಗಳು ಒಂದರ ಹಿಂದೊಂದು ಎದುರಾದ ಕೆಟ್ಟ ವಾರಗಳ ಕೊನೆಯಲ್ಲಿಯೇ ಆ ನಿರ್ಧಾರ ಹೊರಬೀಳುತ್ತದೆ. ಅಂದರೆ ತಂಡ ಆಗ ತನ್ನ ನಿಜವಾದ ಶಕ್ತಿಗಿಂತ ಕೆಳಗಿರುತ್ತದೆ. ಅಲ್ಲಿಂದ ಯಾರೂ ಏನನ್ನೂ ಮಾಡದಿದ್ದರೂ ಫಲಿತಾಂಶಗಳು ಒಂದಿಷ್ಟು ಮೇಲೇರುವುದು ಸಹಜ, ಮತ್ತು ಆ ಏರಿಕೆಯ ಶ್ರೇಯಸ್ಸು ಆಗತಾನೇ ಬಂದವರ ಹೆಸರಿಗೆ ಸೇರುವುದೂ ಅಷ್ಟೇ ಸಹಜ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ.

ಬಾಸ್ ಟೆರ್ ವೀಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು 1986ರಿಂದ 2004ರವರೆಗಿನ ಡಚ್ ಲೀಗ್ ಪಂದ್ಯಗಳನ್ನು ತೆಗೆದುಕೊಂಡು ಇದನ್ನೇ ಪರೀಕ್ಷಿಸಿದ್ದಾರೆ. ಮ್ಯಾನೇಜರ್‌ನನ್ನು ಬದಲಾಯಿಸಿದ ತಂಡಗಳನ್ನು, ಅಷ್ಟೇ ಕೆಟ್ಟದಾಗಿ ಕುಸಿದರೂ ಬದಲಾಯಿಸದೆ ಉಳಿದ ತಂಡಗಳೊಂದಿಗೆ ಹೋಲಿಸಿದಾಗ, ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಚೇತರಿಸಿಕೊಂಡಿದ್ದವು. ಬದಲಾಯಿಸದ ತಂಡಕ್ಕೆ ಇಂಗ್ಲೆಂಡಿನಲ್ಲಿಯೇ ದೊಡ್ಡ ಉದಾಹರಣೆಯಿದೆ. 2014-15ರ ಋತುವಿನಲ್ಲಿ 140 ದಿನ ಪಟ್ಟಿಯ ತಳದಲ್ಲಿದ್ದ ಲೀಸ್ಟರ್ ಸಿಟಿ, ಅದೇ ನೈಜೆಲ್ ಪಿಯರ್ಸನ್ ಅವರ ಕೈಯಲ್ಲಿ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು 14ನೆಯ ಸ್ಥಾನಕ್ಕೇರಿತು.

ಮುಂದಿನ ಪಂದ್ಯಗಳು ಯಾರ ವಿರುದ್ಧ ಎಂಬುದನ್ನೂ ನೋಡಬೇಕು. ನಿಮ್ಮದೇ ತಂಡದಲ್ಲಿ 2018ರ ಡಿಸೆಂಬರ್‌ನಲ್ಲಿ ಮೌರಿನ್ಯೊ ಹೋಗಿ ಸೋಲ್ಸ್ಕ್ಯಾರ್ ತಾತ್ಕಾಲಿಕ ಮ್ಯಾನೇಜರ್ ಆಗಿ ಬಂದು, ಮೊದಲ ಎಂಟು ಪಂದ್ಯಗಳನ್ನೂ ಗೆದ್ದರು. ಅವುಗಳಲ್ಲಿ ಮೊದಲ ಐದು ಕಾರ್ಡಿಫ್, ಹಡರ್ಸ್‌ಫೀಲ್ಡ್, ಬೋರ್ನ್‌ಮತ್, ನ್ಯೂಕ್ಯಾಸಲ್ ಮತ್ತು ಎರಡನೆಯ ದರ್ಜೆಯ ರೆಡಿಂಗ್ ವಿರುದ್ಧ. ಪ್ಯಾರಿಸ್‌ನಲ್ಲಿ ಪಿಎಸ್‌ಜಿಯನ್ನು 3-1ರಿಂದ ಸೋಲಿಸಿದ ರಾತ್ರಿಯನ್ನು ಯಾರೂ ಮರೆತಿಲ್ಲ, ಒಪ್ಪುತ್ತೇನೆ. ಆದರೆ ಆ ರಾತ್ರಿಯ ನಂತರ ಋತು ಮುಗಿಯುವವರೆಗಿನ ಹನ್ನೆರಡು ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡನ್ನು ಮಾತ್ರ, ಮತ್ತು ಅವರನ್ನು ಕಾಯಂ ಮಾಡಿದ್ದು ಆ ಅವಧಿಯ ನಡುವೆ!

ಹಳೆಯ ಹಾಫ್‌ಬ್ಯಾಕ್

ಅಂಕಿಲೆಕ್ಕ ಅವರ ಮಾತು ಸರಾಸರಿಯ ಮಟ್ಟಿಗೆ ಸರಿ, ಆದರೆ ಪ್ರಶ್ನೆ ಕೇಳಿದವರು ಎರಡು ನಿರ್ದಿಷ್ಟ ತಂಡಗಳ ಬಗ್ಗೆ ಕೇಳಿದ್ದಾರೆ. ಆ ಎರಡರ ಅಂತರವನ್ನು ಅದೃಷ್ಟದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳಲಾಗದು.

ಚೆಲ್ಸಿಯನ್ನೇ ತೆಗೆದುಕೊಳ್ಳಿ. ಲ್ಯಾಂಪಾರ್ಡ್ ಹೋದಾಗ ಋತುವಿನ 38 ಪಂದ್ಯಗಳಲ್ಲಿ ಸರಿಯಾಗಿ ಅರ್ಧ ಮುಗಿದಿದ್ದವು. ಆದ್ದರಿಂದ ಹೋಲಿಕೆ ಸುಲಭ. ಮೊದಲ 19 ಪಂದ್ಯಗಳಲ್ಲಿ ತಂಡ 33 ಗೋಲು ಹೊಡೆದು, 23 ಗೋಲು ಬಿಟ್ಟುಕೊಟ್ಟು, 29 ಅಂಕ ಗಳಿಸಿತ್ತು. ಟುಹೆಲ್ ಅವರ 19 ಪಂದ್ಯಗಳಲ್ಲಿ 38 ಅಂಕ ಬಂದವು. ಇಲ್ಲಿಯೇ ವಿಷಯದ ತಿರುಳಿದೆ: ಹೊಡೆದ ಗೋಲುಗಳು 25ಕ್ಕೆ ಇಳಿದವು, ಬಿಟ್ಟುಕೊಟ್ಟ ಗೋಲುಗಳು 13ಕ್ಕೆ ಇಳಿದವು. ಆ 13ರಲ್ಲಿಯೂ ಐದು ವೆಸ್ಟ್ ಬ್ರಾಮ್‌ವಿಚ್ ವಿರುದ್ಧದ ಒಂದೇ ಪಂದ್ಯದವು. ಹೊಸಬರು ಬಂದು ಆಟಕ್ಕೆ ಬೆಂಕಿ ಹಚ್ಚಿದರು ಎಂದು ಎಲ್ಲರೂ ಮಾತನಾಡಿಕೊಂಡರು. ಅವರು ಮಾಡಿದ್ದು ಮನೆಯ ಸೋರುವ ಹೆಂಚುಗಳನ್ನು ಸರಿಪಡಿಸುವ ಕೆಲಸ.

ಇದು ಬೇಗ ಆಗುವ ಕೆಲಸವೂ ಹೌದು. ಗೋಲು ಹೊಡೆಯುವುದಕ್ಕೆ ಆಟಗಾರರ ನಡುವೆ ಕಣ್ಣಸನ್ನೆಯಷ್ಟು ಸೂಕ್ಷ್ಮವಾದ ಹೊಂದಾಣಿಕೆ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಗೋಲು ತಡೆಯುವುದಕ್ಕೆ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಕೊಂಡಾಗ ಯಾರು ಹಿಂದೆ ಓಡಬೇಕು ಎಂಬ ಶಿಸ್ತು ಸಾಕು, ಅದನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ನಾನು ಒಂದು ಕಾಲದಲ್ಲಿ ಕಾರ್ಖಾನೆಯೊಂದರ ತಂಡಕ್ಕೆ ಬೆಂಗಳೂರಿನ ಲೀಗ್‌ನಲ್ಲಿ ಆಡಿದ್ದೆ. ಹೊಸ ಕೋಚ್ ಬಂದ ವಾರ ನಮ್ಮ ಅಭ್ಯಾಸದಲ್ಲಿ ಚೆಂಡೇ ಇರಲಿಲ್ಲ, ಬರೀ ಹಗ್ಗ ಕಟ್ಟಿ ಸಾಲಾಗಿ ಸರಿಯುವುದನ್ನು ಕಲಿಸಿದರು. ನಮಗೆ ಅವಮಾನವೆನ್ನಿಸಿತ್ತು, ಆದರೆ ಗೋಲು ಬಿಟ್ಟುಕೊಡುವುದು ಕಡಿಮೆಯಾಯಿತು.

ಟುಹೆಲ್ ಅವರಿಗೆ ಆ ಶಿಸ್ತನ್ನು ಕಲಿಸಲು ಬೇಕಾದ ಜನ ಮೊದಲೇ ಅಲ್ಲಿದ್ದರು. ಥಿಯಾಗೊ ಸಿಲ್ವಾ ಇದ್ದರು. ಆ ಋತುವಿನ ಆರಂಭದಲ್ಲಿ ಹೊರಗೇ ಕುಳಿತಿದ್ದ ರೂಡಿಗರ್ ಇದ್ದರು, ಮೂವರ ಸಾಲಿನಲ್ಲಿ ಒಬ್ಬರಾಗಿ ನಿಲ್ಲಬಲ್ಲ ಆಸ್ಪಿಲಿಕ್ವೇಟಾ ಇದ್ದರು. ಬಲಗಡೆಯ ಉದ್ದಕ್ಕೂ ಓಡಲು ರೀಸ್ ಜೇಮ್ಸ್, ಎಡಗಡೆಗೆ ಚಿಲ್ವೆಲ್ ಮತ್ತು ಅಲೊನ್ಸೊ, ನಡುವೆ ಕಾಂಟೆ, ಜೋರ್ಜಿನ್ಯೊ, ಕೊವಾಚಿಚ್. ಹಿಂದಿನ ಬೇಸಿಗೆಯಲ್ಲಿ ಕ್ಲಬ್ 20 ಕೋಟಿ ಪೌಂಡ್‌ಗಿಂತ ಹೆಚ್ಚು ಖರ್ಚು ಮಾಡಿತ್ತು. ಒಂಬತ್ತನೆಯ ಸ್ಥಾನದಲ್ಲಿದ್ದರೂ ಅದು ಒಂಬತ್ತನೆಯ ಸ್ಥಾನದ ತಂಡವಾಗಿರಲಿಲ್ಲ.

ಅಮೊರಿಮ್ ಅವರ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅವರ 3-4-3 ಪದ್ಧತಿಯ ಜೀವ ಇರುವುದು ಎರಡು ಅಂಚಿನಲ್ಲಿ ಓಡುವ ವಿಂಗ್‌ಬ್ಯಾಕ್‌ಗಳಲ್ಲಿ. ಯುನೈಟೆಡ್‌ನಲ್ಲಿ ಲ್ಯೂಕ್ ಶಾ ಬಹುಪಾಲು ಗಾಯಾಳು, ಬಲಗಾಲಿನ ಡಾಲೋ ಎಡಗಡೆ ಆಡಬೇಕಾಯಿತು, ಆ ಜಾಗಕ್ಕೆಂದೇ ಡೊರ್ಗು ಅವರನ್ನು ಲೆಚೆ ತಂಡದಿಂದ ಕೊಂಡದ್ದು ಚಳಿಗಾಲದ ವರ್ಗಾವಣೆ ಅವಧಿಯ ಕೊನೆಯಲ್ಲಿ. ಅಳತೆ ತೆಗೆಯದೆ ಹೊಲಿದ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿದಂತಾಯಿತು. ಅಂಗಿಯೂ ಚೆನ್ನಾಗಿತ್ತು, ತೊಡುವವರೂ ದಡ್ಡರಲ್ಲ. ಋತುವಿನ ಕೊನೆಗೆ ಬರಲು ತಮಗೆ ಇಷ್ಟವಿತ್ತು, ಕ್ಲಬ್ ಈಗಲೇ ಬರಬೇಕೆಂದಿತು ಎಂದು ಅಮೊರಿಮ್ ಅವರೇ ಬಹಿರಂಗವಾಗಿ ಹೇಳಿದ್ದರು.

ಎಡಗಾಲು

ಹಾಗಾದರೆ ಆಸ್ಟನ್ ವಿಲ್ಲಾದ ಉನಾಯ್ ಎಮೆರಿ ಅವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? 2022ರ ಅಕ್ಟೋಬರ್‌ನಲ್ಲಿ ಸ್ಟೀವನ್ ಜೆರಾರ್ಡ್ ಅವರನ್ನು ತೆಗೆದಾಗ ತಂಡ 17ನೆಯ ಸ್ಥಾನದಲ್ಲಿತ್ತು. ಎಮೆರಿ ಬಂದ ಮೇಲಿನ 25 ಲೀಗ್ ಪಂದ್ಯಗಳಲ್ಲಿ 49 ಅಂಕ, ಕೊನೆಗೆ ಏಳನೆಯ ಸ್ಥಾನ, ಮರುವರ್ಷ ನಾಲ್ಕನೆಯ ಸ್ಥಾನ. ಇದನ್ನು ಕಾಗೆ, ಕೊಂಬೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಸುಲಭದ ಎದುರಾಳಿ ಎನ್ನುವಂತೆಯೂ ಇಲ್ಲ, ಅವರ ಮೊದಲ ಪಂದ್ಯ ಕೆಂಪಂಗಿಯವರ ತಂಡದ ವಿರುದ್ಧವೇ ಇತ್ತು, 3-1ರಲ್ಲಿ ಗೆದ್ದರು.

ಹಳೆಯ ಹಾಫ್‌ಬ್ಯಾಕ್

ಒಳ್ಳೆಯ ಉದಾಹರಣೆ. ಎಮೆರಿ ನಿಜಕ್ಕೂ ಬೇಗ ಬದಲಾಯಿಸಿದರು, ಅದು ಉಳಿದುಕೊಂಡಿತು ಕೂಡ. ಆದರೆ ಅವರಿಗೆ ಸಿಕ್ಕ ಒಂದು ಉಪಕಾರವನ್ನು ಜನ ಮರೆಯುತ್ತಾರೆ. ಅವರು ಎರಡು ಲೀಗ್ ಪಂದ್ಯಗಳನ್ನು ಆಡಿಸುವಷ್ಟರಲ್ಲಿ ಕತಾರ್ ವಿಶ್ವಕಪ್‌ಗಾಗಿ ಪ್ರೀಮಿಯರ್ ಲೀಗ್ ನಿಂತಿತು, ಮತ್ತೆ ಆರಂಭವಾದದ್ದು ಡಿಸೆಂಬರ್ 26ಕ್ಕೆ. ಗೋಲ್‌ಕೀಪರ್ ಮಾರ್ಟಿನೆಜ್ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆಲ್ಲಿಸಲು ಹೋದರು, ಇನ್ನೂ ಕೆಲವರು ತಮ್ಮ ದೇಶಗಳಿಗೆ ಆಡಿದರು, ಉಳಿದ ದೊಡ್ಡ ಗುಂಪು ಎಮೆರಿಯವರ ಕೈಯಲ್ಲೇ ಇತ್ತು. ತಮ್ಮ ಡಿಫೆನ್ಸ್ ಸಾಲನ್ನು ಮೈದಾನದಲ್ಲಿ ಮುಂದಕ್ಕೆ ತಂದು ಎದುರಾಳಿಗಳನ್ನು ಆಫ್‌ಸೈಡ್‌ಗೆ ಸಿಲುಕಿಸುವ ಅವರ ಪದ್ಧತಿಗೆ ಅಂತಹ ಬಿಡುವು ಬೇಕೇ ಬೇಕು, ಏಕೆಂದರೆ ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ತಡಮಾಡಿದರೂ ಗೋಲು. ಅಮೊರಿಮ್ ಅವರಿಗೆ ಡಿಸೆಂಬರ್‌ನಲ್ಲಿ ಲೀಗ್, ಯುರೋಪಾ ಲೀಗ್, ಲೀಗ್ ಕಪ್ ಎಂದು ಮೂರು ನಾಲ್ಕು ದಿನಗಳಿಗೊಂದು ಪಂದ್ಯ. ಪಂದ್ಯ ಮುಗಿದ ಮರುದಿನ ವಿಶ್ರಾಂತಿ, ಅದರ ಮರುದಿನ ಪ್ರಯಾಣ. ಕಲಿಸುವುದು ಯಾವಾಗ?

ಪಶ್ಚಿಮದ ಮೆಟ್ಟಿಲು

ಇಂಗ್ಲೆಂಡಿನ ಮಾತು ಬಹಳವಾಯಿತು, ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಇದೆಲ್ಲವೂ ನಡೆದಿದೆ. 2022-23ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಋತುವಿನಲ್ಲಿ ಬೆಂಗಳೂರು ಎಫ್‌ಸಿ ಆರಂಭದಲ್ಲಿ ಹೇಗೆ ಸೋತಿತೆಂದರೆ, ಕೋಚ್ ಸೈಮನ್ ಗ್ರೇಸನ್ ಅವರನ್ನು ಕಳುಹಿಸಿ ಎಂಬ ಕೂಗು ನನ್ನ ಗಂಟಲಿನಿಂದಲೂ ಹೊರಟಿತ್ತು. ಕ್ಲಬ್ ಕಳುಹಿಸಲಿಲ್ಲ. ತಂಡ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನೂ ಗೆದ್ದು ಫೈನಲ್‌ವರೆಗೆ ಹೋಗಿ, ಪೆನಾಲ್ಟಿಗಳಲ್ಲಿ ಸೋತಿತು.

ಮರುವರ್ಷ ಅದೇ ಗ್ರೇಸನ್, ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು. ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ನಮ್ಮ ಮೈದಾನಕ್ಕೇ ಬಂದು 4-0ಯಿಂದ ಸೋಲಿಸಿದ ಮೇಲೆ ಅವರನ್ನು ಕೈಬಿಟ್ಟು ಜೆರಾರ್ಡ್ ಸರಗೋಸಾ ಅವರನ್ನು ತಂದರು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಎನ್ನುವಂತೆ ಆಟಗಾರರು ಒಂದಿಷ್ಟು ಜೋರು ತೋರಿಸಿಯಾರು ಎಂದು ಕಾದೆವು. ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನದಲ್ಲಿ ಮುಗಿಸಿದೆವು. ಬೇಸಿಗೆಯಲ್ಲಿ ನೊಗೆರಾ, ಪೆರೇರಾ ಡಿಯಾಸ್, ರಾಹುಲ್ ಭೇಕೆ ಬಂದರು, ಮೂವರೂ ನಮ್ಮನ್ನು ಸೋಲಿಸಿದ ಅದೇ ಮುಂಬೈ ಸಿಟಿಯಿಂದ! 2024-25ರಲ್ಲಿ ಅದೇ ಸರಗೋಸಾ ಅವರ ತಂಡ ಮೂರನೆಯ ಸ್ಥಾನ ಗಳಿಸಿತು, ಪ್ಲೇಆಫ್‌ನಲ್ಲಿ ಮುಂಬೈಯನ್ನು 5-0ಯಿಂದ ಮಣಿಸಿತು, ಫೈನಲ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ನಲವತ್ತು ವರ್ಷದ ಸುನೀಲ್ ಛೆಟ್ರಿ 14 ಗೋಲು ಹೊಡೆದರು. ಕೋಚ್ ಒಬ್ಬರೇ. ಮೊದಲ ಐದು ತಿಂಗಳನ್ನು ಮಾತ್ರ ನೋಡಿದ್ದರೆ ಇವರನ್ನೂ ವಿಮಾನ ಹತ್ತಿಸಿಬಿಡುತ್ತಿದ್ದೆವು.

ಕೆಂಪಂಗಿ

ಎಲ್ಲರಿಗೂ ಕೃತಜ್ಞತೆಗಳು. ಸೋಲ್ಸ್ಕ್ಯಾರ್ ಅವರ ಮೊದಲ ಐದು ಎದುರಾಳಿಗಳ ಹೆಸರನ್ನು ಒಟ್ಟಿಗೆ ಓದಿದಾಗ, ಆ ದಿನಗಳಲ್ಲಿ ನಾನು ಹಂಚಿದ ಸಿಹಿಯನ್ನು ವಾಪಸ್ ಕೇಳಬೇಕೆನ್ನಿಸಿತು. ಕೊನೆಯದಾಗಿ ಒಂದು ಪ್ರಶ್ನೆ. ಟೆನ್ ಹಾಗ್ ಹೋಗಿ ಅಮೊರಿಮ್ ಬರುವವರೆಗೆ ಸಹಾಯಕ ಕೋಚ್ ವಾನ್ ನಿಸ್ಟೆಲ್‌ರೂಯ್ ನಾಲ್ಕು ಪಂದ್ಯಗಳನ್ನು ನೋಡಿಕೊಂಡರು, ಮೂರು ಗೆಲುವು, ಒಂದು ಡ್ರಾ. ಮೇ ತಿಂಗಳವರೆಗೆ ಅವರನ್ನೇ ಬಿಟ್ಟು, ಅಮೊರಿಮ್ ಅವರನ್ನು ಬೇಸಿಗೆಯಲ್ಲಿ ಕರೆತಂದಿದ್ದರೆ ಒಳ್ಳೆಯದಾಗುತ್ತಿತ್ತೇ?

ಹಳೆಯ ಹಾಫ್‌ಬ್ಯಾಕ್

ಆಗುತ್ತಿತ್ತು ಎಂದೇ ನನ್ನ ಅನಿಸಿಕೆ. ಪರಿಚಿತ ಪದ್ಧತಿಯಲ್ಲೇ ಆಡಿದ್ದರೆ ತಂಡ ಕನಿಷ್ಠ ಪಟ್ಟಿಯ ಮೇಲಿನ ಅರ್ಧದ ಅಂಚಿನಲ್ಲಿ ಇರುತ್ತಿತ್ತು, ಹೊಸಬರಿಗೆ ಬೇಸಿಗೆಯ ಅಭ್ಯಾಸವೂ ಸಿಗುತ್ತಿತ್ತು.

ಅಂಕಿಲೆಕ್ಕ

ಆ ನಾಲ್ಕರಲ್ಲಿ ಎರಡು ಗೆಲುವು ಲೀಸ್ಟರ್ ವಿರುದ್ಧ ಎಂಬುದನ್ನು ಹಾಫ್‌ಬ್ಯಾಕ್ ಅವರು ಬಿಟ್ಟಿದ್ದಾರೆ. ನವೆಂಬರ್ ಕೊನೆಯಲ್ಲಿ ವಾನ್ ನಿಸ್ಟೆಲ್‌ರೂಯ್ ಅದೇ ಲೀಸ್ಟರ್‌ಗೆ ಹೊಸ ಮ್ಯಾನೇಜರ್ ಆಗಿ ಹೋದರು. ಮೊದಲ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು 3-1ರಿಂದ ಸೋಲಿಸಿದರು. ಮೇ ತಿಂಗಳ ಹೊತ್ತಿಗೆ ತಂಡ ಕೆಳಗಿನ ದರ್ಜೆಗೆ ಇಳಿದಿತ್ತು.