312 ಕ್ಲಿಕ್ ಬಂದಿದೆ, ಕಮಿಷನ್ ಮಾತ್ರ ಸೊನ್ನೆ. ಏನು ತಪ್ಪಾಗ್ತಿದೆ?

ಪ್ರಶ್ನೆ: ಮೇಡಂ ನಮಸ್ತೆ. ನೀವು ಎಂಟು ವರ್ಷದಿಂದ ಅಫಿಲಿಯೇಟ್ ಮಾರ್ಕೆಟಿಂಗ್, ಅಂದ್ರೆ ನಮ್ಮ ಲಿಂಕಿನಿಂದ ಜನ ಕೊಂಡರೆ ಕಮಿಷನ್ ಸಿಗೋ ಕೆಲಸ, ಮಾಡ್ತಿದ್ದೀರಿ ಅಂತ ಇಲ್ಲೇ ಓದಿದೆ, ಅದಕ್ಕೇ ಧೈರ್ಯ ಮಾಡಿ ಕೇಳ್ತಿದ್ದೀನಿ. ಮೂರು ತಿಂಗಳ ಹಿಂದೆ ಅಮೆಜಾನ್ ನಡೆಸೋ ಇಂಥದೇ ಯೋಜನೆ, ಅಮೆಜಾನ್ ಅಸೋಸಿಯೇಟ್ಸ್ ಸೇರಿದೆ. ಮೊಬೈಲ್ ಕವರ್, ಇಯರ್‌ಫೋನ್, ಶೂ, ಮಕ್ಕಳ ಆಟಿಕೆ, ಯಾವುದಕ್ಕೆ ಆಫರ್ ಇದ್ದರೂ ಲಿಂಕ್ ಹಾಕುತ್ತೇನೆ. ದಿನಕ್ಕೆ ಹತ್ತು ಹದಿನೈದು ಆಗುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ 312 ಕ್ಲಿಕ್ ಅಂತಿದೆ. ಆರ್ಡರ್ ಒಂದೇ ಒಂದು, ಅದೂ ನನಗೇ ಅಂತ ನಾನೇ ತರಿಸಿಕೊಂಡಿದ್ದು. ಅದಕ್ಕೂ ಕಮಿಷನ್ ಬರಲಿಲ್ಲ. ವಿಡಿಯೋಗಳಲ್ಲಿ ಎಲ್ಲರೂ ಮಲಗಿದ್ದಾಗಲೂ ದುಡ್ಡು ಬರುತ್ತೆ ಅಂತಾರೆ. ನನಗೆ ನಿದ್ದೆಗೆಟ್ಟು ಕೂತರೂ ಬರ್ತಿಲ್ಲ!

ಉತ್ತರ: ನಮಸ್ತೆ. ಮೊದಲು ಆ ಒಂದು ಆರ್ಡರ್ ವಿಷಯ ಮುಗಿಸೋಣ. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಅದು ಲೆಕ್ಕಕ್ಕಿಲ್ಲ. ಮನೆಯವರಿಗೆ, ಸ್ನೇಹಿತರಿಗೆ ಅಂತ ನೀವು ಕೊಂಡರೂ ಅಷ್ಟೇ. ಮತ್ತೆ ಹಾಗೆ ಮಾಡಬೇಡಿ, ಅಕೌಂಟ್‌ಗೇ ಕುತ್ತು. ಇನ್ನೊಂದು, ಸೇರಿದ 180 ದಿನದೊಳಗೆ 3 ಅರ್ಹ ಮಾರಾಟ ಆಗಲೇಬೇಕು, ಇಲ್ಲದಿದ್ದರೆ ಅಕೌಂಟ್ ಮುಚ್ಚುತ್ತಾರೆ. ನಿಮಗೆ ಅರ್ಧ ಸಮಯ ಆಗಿಹೋಗಿದೆ. ಗಾಬರಿ ಬೇಡ, ಮುಚ್ಚಿದರೂ ಮತ್ತೆ ಅರ್ಜಿ ಹಾಕಬಹುದು.

ಈಗ 312 ಕ್ಲಿಕ್. ಆಫರ್ ಲಿಂಕ್ ಒತ್ತುವವರು ಹೆಚ್ಚಿನವರು ಸುಮ್ನೆ ನೋಡೋಣ ಅಂತ ಬಂದವರು. ಕೊಳ್ಳುವ ಯೋಚನೆಯೇ ಇರಲಿಲ್ಲ, ನೋಡಿದರು, ಹೋದರು. ಅಮೆಜಾನ್‌ನಲ್ಲಿ ಒಂದು ಕ್ಲಿಕ್‌ಗೆ 24 ಗಂಟೆ ಆಯುಷ್ಯ. ಅಷ್ಟರಲ್ಲಿ ಆ ವಸ್ತುವನ್ನೇ ಕೊಳ್ಳಬೇಕಂತಿಲ್ಲ, ಬೇರೇನು ಕೊಂಡರೂ ಸಾಮಾನ್ಯವಾಗಿ ನಿಮ್ಮ ಖಾತೆಗೇ ಬರುತ್ತೆ. ಅಷ್ಟರೊಳಗೆ ಕಾರ್ಟ್‌ಗೆ ಹಾಕಿಟ್ಟರೆ 90 ದಿನದವರೆಗೆ ಅವಕಾಶ ಇರುತ್ತೆ. ಆದರೆ ನಡುವೆ ಅವರು ಬೇರೆಯವರ ಲಿಂಕ್ ಒತ್ತಿದರೆ ಕಥೆ ಮುಗೀತು, ಕೊನೇ ಲಿಂಕಿನವರಿಗೇ ದುಡ್ಡು. ಹಾಗಾಗಿ ಕ್ಲಿಕ್ ಎಷ್ಟು ಬಂತು ಅನ್ನೋದಕ್ಕಿಂತ ಒತ್ತಿದವರು ಯಾವ ಗಳಿಗೆಯಲ್ಲಿ ಒತ್ತಿದರು ಅನ್ನೋದು ಮುಖ್ಯ.

ನನಗೆ ಮೊದಲು ದುಡ್ಡು ತಂದದ್ದು ಒಂದು ಕಾಲರ್ ಮೈಕ್. ವರ್ಷಕ್ಕಿಂತ ಜಾಸ್ತಿ ಬಳಸಿದ್ದೆ, ಅದರ ಬಗ್ಗೆ ಒಂದು ಪುಟ ಬರೆದೆ. ತಂತಿ ಒಂದೂವರೆ ಮೀಟರ್, ಸ್ಟ್ಯಾಂಡ್‌ನಿಂದ ಮೂರು ಹೆಜ್ಜೆ ಹಿಂದೆ ಸರಿದರೆ ಎಳೆಯುತ್ತೆ. ಕ್ಲಿಪ್ ತೆಳು ಬಟ್ಟೆಗೆ ನಿಲ್ಲಲ್ಲ. ಒಂದೇ ವಾಕ್ಯವನ್ನು ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ ರೆಕಾರ್ಡ್ ಮಾಡಿ ಅಲ್ಲೇ ಕೇಳಿಸಿದೆ. ಕೊನೆಯಲ್ಲಿ, ನಿಂತು ಓಡಾಡುತ್ತಾ ಮಾತಾಡುವವರು ಇದನ್ನು ಕೊಳ್ಳಬೇಡಿ, ವೈರ್‌ಲೆಸ್ ನೋಡಿ ಅಂತ ಇನ್ನೊಂದು ಲಿಂಕ್ ಕೊಟ್ಟೆ. ತಮಾಷೆ ಏನು ಗೊತ್ತಾ? ಆ "ಕೊಳ್ಳಬೇಡಿ" ಸಾಲಿನ ಕೆಳಗಿದ್ದ ಲಿಂಕಿನಿಂದಲೇ ಹೆಚ್ಚು ಮಾರಾಟ ಆಯ್ತು. ಯಾವುದು ಬೇಡ ಅಂತ ಹೇಳಿದವರ ಮಾತನ್ನು ಜನ ನಂಬುತ್ತಾರೆ.

ಅಮೆಜಾನ್ ಈ ಅಸೋಸಿಯೇಟ್ಸ್ ಯೋಜನೆ ಶುರು ಮಾಡಿದ್ದು 1996ರಲ್ಲಿ, ಬರೀ ಪುಸ್ತಕ ಮಾರುತ್ತಿದ್ದ ಕಾಲದಲ್ಲಿ. ಯಾವುದೋ ವಿಷಯ ಬಲ್ಲವರು ಈ ಪುಸ್ತಕ ಓದಿ ಅಂತ ಬರೆಯುತ್ತಿದ್ದರು, ಓದಿದವರು ಕೊಳ್ಳುತ್ತಿದ್ದರು. ಕೆಲಸ ಇವತ್ತಿಗೂ ಅದೇ. ನಿಮಗೆ ಯಾವ ವಿಷಯ ಚೆನ್ನಾಗಿ ಗೊತ್ತು? ಯೋಚಿಸಿ ಹೇಳಿ.

ಇನ್ನೊಬ್ಬ ಸದಸ್ಯರು: ಮೇಡಂ, ನಡುವೆ ಬಂದೆ, ಕ್ಷಮಿಸಿ. ಪರ್ಸೆಂಟ್ ಜಾಸ್ತಿ ಕೊಡೋ ಕಂಪನಿಯನ್ನೇ ಹಿಡಿಯಬೇಕು ಅಲ್ವಾ? ಅಮೆಜಾನ್ ಕೊಡೋದು ಏನೇನೂ ಸಾಲದು.

ಉತ್ತರ: ಪರ್ಸೆಂಟ್ ನೋಡಿ ಮೋಸ ಹೋಗಬೇಡಿ. ಒಂದೇ ಬೆಲೆಯ ಎರಡು ವಸ್ತು ಅಂದುಕೊಳ್ಳಿ, ಬೆಲೆ 100. ಒಬ್ಬರು ಶೇ. 10 ಕೊಡ್ತಾರೆ, ನಿಮ್ಮ ನೂರು ಕ್ಲಿಕ್‌ಗೆ ಒಂದು ಮಾರಾಟ. ಬಂದದ್ದು 10. ಇನ್ನೊಬ್ಬರು ಶೇ. 4 ಕೊಡ್ತಾರೆ, ಹೆಸರು ಗೊತ್ತಿರುವ ಅಂಗಡಿ, ನೂರಕ್ಕೆ ಐದು ಜನ ಕೊಳ್ತಾರೆ. ಬಂದದ್ದು 20. ಈ ಲೆಕ್ಕಕ್ಕೆ ಇಪಿಸಿ ಅಂತೀವಿ, ಒಂದು ಕ್ಲಿಕ್‌ಗೆ ಎಷ್ಟು ಹುಟ್ಟಿತು ಅಂತ. ನೋಡಬೇಕಾದ್ದು ಅದನ್ನೇ. ಸಾಫ್ಟ್‌ವೇರ್, ಹೋಸ್ಟಿಂಗ್‌ನಂಥವು ದೊಡ್ಡ ಪಾಲು ಕೊಡ್ತವೆ, ಕೆಲವು ಗ್ರಾಹಕ ಇರುವವರೆಗೂ ತಿಂಗಳು ತಿಂಗಳೂ ಕೊಡ್ತವೆ. ಮಾರುವುದು ಮಾತ್ರ ಅಷ್ಟು ಸುಲಭ ಅಲ್ಲ.

ಆದರೂ ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಮೆಜಾನ್ ಪೀಠೋಪಕರಣದ ಕಮಿಷನ್‌ನ್ನು ಶೇ. 8ರಿಂದ 3ಕ್ಕೆ, ದಿನಸಿಯದ್ದನ್ನು 5ರಿಂದ 1ಕ್ಕೆ ಇಳಿಸಿತು. ಅದನ್ನೇ ನಂಬಿಕೊಂಡಿದ್ದವರ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು.

ಇನ್ನೊಂದು ಎಚ್ಚರ. "ಪೆಂಡಿಂಗ್" ಅಂತ ತೋರಿಸುವ ದುಡ್ಡು ನಿಮ್ಮದಲ್ಲ. ಗ್ರಾಹಕ ವಸ್ತು ಹಿಂತಿರುಗಿಸಿದರೆ ಕಮಿಷನ್ ವಾಪಸ್. ಹಲವು ಕಂಪನಿಗಳ ಲಿಂಕ್ ಒಂದೇ ಕಡೆ ಕೊಡೋ ಒಂದು ನೆಟ್‌ವರ್ಕ್‌ನಲ್ಲಿ ನನಗೆ ಎರಡು ತಿಂಗಳ ಪೆಂಡಿಂಗ್ ಚೆನ್ನಾಗಿ ಕಂಡಿತು. ಅದನ್ನು ನಂಬಿ ಹೊಸ ಕ್ಯಾಮೆರಾ ತಗೊಂಡೆ. ಅಪ್ರೂವ್ ಆಗಿದ್ದು ಮೂರನೇ ಒಂದು ಭಾಗ. ಕಾರಣ ಕೇಳಿದರೆ ಒಂದು ಸಾಲಿನ ಉತ್ತರವೂ ಬರಲಿಲ್ಲ. ಕ್ಯಾಮೆರಾ ಕಂತು ಮಾತ್ರ ತಪ್ಪದೆ ಬಂತು!

ಮತ್ತೊಬ್ಬರು: ಕಮಿಷನ್ ಲಿಂಕ್ ಅಂತ ಹೇಳಲೇಬೇಕಾ? ಹೇಳಿದರೆ ಜನ ಒತ್ತಲ್ಲ ಅನ್ನಿಸುತ್ತೆ.

ಉತ್ತರ: ಹೇಳಲೇಬೇಕು. ಅಮೆಜಾನ್‌ನ ಒಪ್ಪಂದದಲ್ಲೇ ಇದೆ, ಎಷ್ಟೋ ದೇಶಗಳಲ್ಲಿ ಕಾನೂನೂ ಇದೆ. ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಲ್ಲ, ಲಿಂಕಿಗೆ ಮುಂಚೆ ಕಣ್ಣಿಗೆ ಬೀಳುವಂತೆ. "ಇಲ್ಲಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತೆ, ನಿಮಗೆ ಬೆಲೆ ಹೆಚ್ಚಾಗಲ್ಲ" ಅಂತ ನಾನು ಬರೀತೀನಿ. ಅದರಿಂದ ನನಗೇನೂ ನಷ್ಟ ಆಗಿಲ್ಲ. ಸ್ವಂತ ಸೈಟ್ ಇದ್ದರೆ ಲಿಂಕಿನ ಕೋಡ್‌ನಲ್ಲಿ, ಇದು ದುಡ್ಡು ತರುವ ಲಿಂಕ್ ಅಂತ ಹೇಳುವ "ಸ್ಪಾನ್ಸರ್ಡ್" ಗುರುತನ್ನೂ ಹಾಕಿ, ಗೂಗಲ್ 2019ರಿಂದ ಅದನ್ನು ಕೇಳುತ್ತಿದೆ. ಬೆಲೆಯನ್ನು ಕೈಯಲ್ಲಿ ಟೈಪ್ ಮಾಡಿ ಹಾಕಬೇಡಿ, ನಾಳೆ ಬದಲಾಗುತ್ತೆ.

ಕಳ್ಳದಾರಿ ಬೇಡವೇ ಬೇಡ. ಪುಟ ತೆರೆದವರ ಬ್ರೌಸರ್‌ಗೆ ಅವರಿಗೆ ಗೊತ್ತಿಲ್ಲದೆ ಕುಕೀ, ಅಂದರೆ ಯಾರ ಲಿಂಕಿನಿಂದ ಬಂದರು ಅಂತ ನೆನಪಿಡುವ ಗುರುತು, ತುರುಕುವುದಕ್ಕೆ ಕುಕೀ ಸ್ಟಫಿಂಗ್ ಅಂತ ಹೆಸರು. ಇಬೇಯ ಅತಿ ದೊಡ್ಡ ಅಫಿಲಿಯೇಟ್‌ಗಳಾಗಿದ್ದ ಇಬ್ಬರು ಇದನ್ನೇ ಮಾಡಿ 2014ರಲ್ಲಿ ಅಮೆರಿಕದಲ್ಲಿ ಜೈಲು ಶಿಕ್ಷೆ ಪಡೆದರು, ಒಬ್ಬರಿಗೆ 5 ತಿಂಗಳು, ಇನ್ನೊಬ್ಬರಿಗೆ 15.

ಮತ್ತೊಬ್ಬರು: ನನಗೆ ಒಬ್ಬರು ಅಫಿಲಿಯೇಟ್ ಕೋರ್ಸ್ ಸೇರಿ ಅಂತಿದ್ದಾರೆ. ಫೀಸ್ ಕಟ್ಟಬೇಕಂತೆ. ಆಮೇಲೆ ನಾನು ಯಾರನ್ನಾದರೂ ಸೇರಿಸಿದರೆ ಅರ್ಧ ನನಗಂತೆ.

ಉತ್ತರ: ಬೇಡ. ಸಾಮಾನ್ಯವಾಗಿ ಅಫಿಲಿಯೇಟ್ ಆಗೋದಕ್ಕೆ ದುಡ್ಡು ಕಟ್ಟಬೇಕಿಲ್ಲ. ಕೋರ್ಸ್‌ನಲ್ಲಿ ಕಲಿಸೋದು ಅದೇ ಕೋರ್ಸನ್ನು ಮಾರೋದು ಹೇಗೆ ಅಂತ ಆದರೆ ಅದು ಚೈನ್, ಹೆಸರು ಮಾತ್ರ ಬೇರೆ. ಅವರನ್ನೇ ಕೇಳಿ: ನಾಳೆಯಿಂದ ಹೊಸಬರು ಯಾರೂ ಸೇರದಿದ್ದರೆ ಇದನ್ನು ಕೊಳ್ಳುವವರು ಯಾರು? ಉತ್ತರದ ಬದಲು ಕಾರಿನ ಫೋಟೋ ಬರುತ್ತೆ ನೋಡಿ.

ಮೊದಲು ಕೇಳಿದವರು: ಮೇಡಂ, ನಿನ್ನೆಯಿಂದ ಯೋಚಿಸ್ತಿದ್ದೀನಿ. ನನಗೆ ಗೊತ್ತಿರೋದು ಹೊಲಿಗೆ ಒಂದೇ, ಹತ್ತು ವರ್ಷದಿಂದ ಮನೆಯಲ್ಲೇ ಹೊಲಿಯುತ್ತೇನೆ. ಅದರಲ್ಲಿ ಏನು ಬರೆಯೋದು? ಎಲ್ಲರಿಗೂ ಗೊತ್ತಿರೋದೇ ತಾನೆ.

ಉತ್ತರ: ಎಲ್ಲರಿಗೂ ಗೊತ್ತಿಲ್ಲ! ಜೀನ್ಸ್ ಹೊಲಿಯುವಾಗ ಸೂಜಿ ಯಾಕೆ ಮುರಿಯುತ್ತೆ, ಹೇಳಿ ನೋಡೋಣ?

ಮೊದಲು ಕೇಳಿದವರು: ಮಾಮೂಲಿ ಸೂಜಿ ಹಾಕಿದರೆ ದಪ್ಪ ಮಡಿಕೆಯಲ್ಲಿ ಬಾಗಿ ತಟ್ಟೆಗೆ ಬಡಿಯುತ್ತೆ. 100/16 ಜೀನ್ಸ್ ಸೂಜಿ ಹಾಕಬೇಕು. ಮಡಿಕೆ ಬಂದಾಗ ಪೆಡಲ್ ಬಿಟ್ಟು ಕೈಯಲ್ಲಿ ಚಕ್ರ ತಿರುಗಿಸಬೇಕು. ಟೀ ಶರ್ಟ್‌ಗಾದರೆ ತುದಿ ದುಂಡಗಿರೋ ಬಾಲ್‌ಪಾಯಿಂಟ್, ಇಲ್ಲದಿದ್ದರೆ ಹೊಲಿಗೆ ತಪ್ಪುತ್ತೆ.

ಉತ್ತರ: ನೋಡಿ, ನಿಮ್ಮ ಮೊದಲ ಪುಟ ಆಗಲೇ ಬರೆದಾಯ್ತು. ಸೂಜಿ ಮುರಿದು ಕೂತವರು ಅವತ್ತೇ ಸೂಜಿ ಹುಡುಕ್ತಾರೆ, 24 ಗಂಟೆ ಅವರಿಗೆ ಧಾರಾಳ ಸಾಕು. ಸೂಜಿಯಲ್ಲಿ ಸಿಗೋದು ಚಿಲ್ಲರೆಯೇ. ಆದರೆ ಅದನ್ನು ಓದಿದವರೇ ಆಮೇಲೆ ಯಾವ ಮೆಷಿನ್ ಕೊಳ್ಳಲಿ ಅಂತ ನಿಮ್ಮನ್ನೇ ಕೇಳ್ತಾರೆ. ಶೂ, ಮೊಬೈಲ್ ಕವರ್ ಲಿಂಕ್ ಎಲ್ಲ ತೆಗೆದುಬಿಡಿ. ಬಟ್ಟೆಗೊಂದು ಸೂಜಿ ಅಂತ ಐದಾರು ಪುಟ ಬರೆಯಿರಿ, ನಿಮ್ಮದೇ ಫೋಟೋ ಹಾಕಿ.

ಮೊದಲು ಕೇಳಿದವರು: ಮುರಿದ ಸೂಜಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೀನಿ ಮೇಡಂ, ಯಾರ ಕಾಲಿಗೂ ಚುಚ್ಚದಿರಲಿ ಅಂತ. ಅರ್ಧ ಡಬ್ಬಿ ಆಗಿದೆ.

ಉತ್ತರ: ಆ ಡಬ್ಬಿ ಫೋಟೋನೇ ಮೊದಲು ಹಾಕಿ.